ತಡವಾಗಿ ಕೊಟ್ಟ ಒಂದು ತೀರ್ಪು: ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸದ ಪಾಠ ಹೇಳಿದವನು ನಾನು. ಆಧಾರವಿಲ್ಲದೆ ಮಾತನಾಡಬಾರದು, ಮೂಲವನ್ನು ನೋಡದೆ ಅಭಿಪ್ರಾಯ ಕೊಡಬಾರದು ಎಂದು ಮಕ್ಕಳಿಗೆ ಹೇಳಿದ್ದೇ ಹೇಳಿದ್ದು. ಆ ನಿಯಮವನ್ನು ನಾನೇ ಮುರಿದ ಪ್ರಸಂಗವೊಂದನ್ನು ಮೊದಲು ಒಪ್ಪಿಕೊಂಡು, ಆಮೇಲೆ ವಿಷಯಕ್ಕೆ ಬರುತ್ತೇನೆ.

೧೯೯೨ರ ಮಾತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಮೇಜಿನ ಕೆಳಗೆ ವಾಕ್‌ಮನ್ ಇಟ್ಟುಕೊಂಡು ಏನನ್ನೋ ಕೇಳುತ್ತಿದ್ದ. ಕಿತ್ತುಕೊಂಡು ನೋಡಿದರೆ ಕಪ್ಪು ಹೊದಿಕೆಯ ಇಂಗ್ಲಿಷ್ ಕ್ಯಾಸೆಟ್. ಕಿವಿಗೆ ಹಚ್ಚಿ ಹತ್ತು ಸೆಕೆಂಡು ಕೇಳಿದೆನೋ ಇಲ್ಲವೋ, “ಇದು ಸಂಗೀತವಲ್ಲ, ಡಬ್ಬ ಬಡಿಯುವ ಸದ್ದು” ಎಂದು ಇಡೀ ತರಗತಿಯ ಮುಂದೆ ತೀರ್ಪು ಕೊಟ್ಟುಬಿಟ್ಟೆ. ಮಕ್ಕಳೆಲ್ಲ ನಕ್ಕರು. ಕ್ಯಾಸೆಟ್ಟನ್ನು ಶಿಕ್ಷಕರ ಕೊಠಡಿಯ ಬೀರುವಿನಲ್ಲಿ ಇಟ್ಟೆ. ವರ್ಷದ ಕೊನೆಗೆ ಹಿಂತಿರುಗಿಸೋಣವೆಂದು ಹುಡುಕಿದಾಗ ಅದು ಅಲ್ಲಿರಲಿಲ್ಲ. ಹುಡುಗ ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಆ ಹುಡುಗ ಈಗ ಐವತ್ತರ ಹತ್ತಿರ ಬಂದಿದ್ದಾನೆ. ಕಳೆದ ದೀಪಾವಳಿಗೆ ಮನೆಗೆ ಬಂದವನು ಹಣ್ಣಿನ ಜೊತೆಗೆ ಒಂದು ಸಿ.ಡಿ.ಯನ್ನೂ ತಂದಿದ್ದ. “ಸಾರ್, ಆವತ್ತು ಕೇಳದೇನೇ ತೀರ್ಪು ಕೊಟ್ರಿ. ಇವತ್ತು ಪೂರ್ತಿ ಕೇಳಿ ಕೊಡಿ. ಇದು ಅದೇ ತಂಡದವರು ವಯಸ್ಸಾದ ಮೇಲೆ ಮಾಡಿದ್ದು. ಒಳ್ಳೇದೋ ಕೆಟ್ಟದ್ದೋ ಅಂತ ನಮ್ಮ ಸ್ನೇಹಿತರ ಜಗಳ ಇನ್ನೂ ಮುಗಿದಿಲ್ಲ” ಎಂದ. ೨೦೧೧ರ ಅಕ್ಟೋಬರ್ ೩೦ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡ ಭಾರತದ ತನ್ನ ಮೊದಲ ಕಛೇರಿ ನಡೆಸಿದಾಗ ಅವನೂ ಆ ಜನಸಾಗರದಲ್ಲಿದ್ದನಂತೆ. ಅದಕ್ಕೆ ಎರಡು ದಿನ ಮೊದಲು ದೆಹಲಿ ಬಳಿಯ ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಕಛೇರಿ ರದ್ದಾಗಿತ್ತಾದ್ದರಿಂದ, ನಮ್ಮ ಬೆಂಗಳೂರಿಗೇ ಆ ಮೊದಲ ಗೌರವ ದಕ್ಕಿತು.

ಆತ ತಂದ ಆಲ್ಬಮ್ಮಿನ ಹೆಸರು ‘ಡೆತ್ ಮ್ಯಾಗ್ನೆಟಿಕ್’. ಅಮೆರಿಕದ ಮೆಟಾಲಿಕಾ ತಂಡ ೨೦೦೮ರ ಸೆಪ್ಟೆಂಬರ್ ೧೨ರಂದು ಹೊರತಂದದ್ದು. ಹತ್ತು ರಚನೆಗಳು, ಸುಮಾರು ಎಪ್ಪತ್ತೈದು ನಿಮಿಷ. ಒಂದಲ್ಲ, ಆರೇಳು ಬಾರಿ ಕೇಳಿದೆ. ಕೇಳುವ ಮುನ್ನ ಮತ್ತು ಕೇಳಿದ ನಂತರ ಅದರ ಹಿನ್ನೆಲೆಯನ್ನು ಓದಿಕೊಂಡೆ. ಇತಿಹಾಸದ ಮೇಷ್ಟ್ರಿಗೆ ಬೇರೆ ದಾರಿ ಗೊತ್ತಿಲ್ಲ.

ತಂಡ ಹುಟ್ಟಿದ್ದು ೧೯೮೧ರಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ. ಡೆನ್ಮಾರ್ಕ್‌ನಲ್ಲಿ ಹುಟ್ಟಿ, ಟೆನಿಸ್ ಕಲಿಯಲೆಂದು ಅಮೆರಿಕಕ್ಕೆ ಬಂದು, ರಾಕೆಟ್ ಬಿಟ್ಟು ಡ್ರಮ್ಸ್ ಹಿಡಿದ ಲಾರ್ಸ್ ಉಲ್ರಿಕ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಗಿಟಾರ್ ವಾದಕನೂ ಗಾಯಕನೂ ಆದ ಜೇಮ್ಸ್ ಹೆಟ್‌ಫೀಲ್ಡ್ ಅವನ ಜೊತೆಗೂಡಿದ. ಇಂಗ್ಲೆಂಡಿನ ಹೊಸ ಹೆವಿ ಮೆಟಲ್ ತಂಡಗಳ ಗಿಟಾರ್ ವಾದನಕ್ಕೆ ಪಂಕ್ ಸಂಗೀತದ ಆವೇಗವನ್ನು ಬೆರೆಸಿ ಇವರೂ ಇವರ ಸಮಕಾಲೀನರೂ ಕಟ್ಟಿದ ಶೈಲಿಗೆ ಥ್ರ್ಯಾಶ್ ಮೆಟಲ್ ಎಂದು ಹೆಸರಾಯಿತು. ಅಂಗೈಯ ಅಂಚಿನಿಂದ ತಂತಿಯನ್ನು ಅದುಮಿ ಹಿಡಿದು ಅತಿವೇಗದಲ್ಲಿ ಮೀಟುವುದು, ‘ರಿಫ್’ ಎನ್ನುವ ಚಿಕ್ಕ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸಿ ಅದರ ಮೇಲೆ ರಚನೆಯನ್ನು ಕಟ್ಟುವುದು, ಹಾಡಿನ ನಡುವೆ ಲಯವನ್ನು ಥಟ್ಟನೆ ಬದಲಿಸುವುದು ಇದರ ಲಕ್ಷಣಗಳು. ಮೆಟಾಲಿಕಾ, ಮೆಗಾಡೆತ್, ಸ್ಲೇಯರ್, ಆಂತ್ರಾಕ್ಸ್ ಎಂಬ ನಾಲ್ಕು ತಂಡಗಳನ್ನು ಈ ಶೈಲಿಯ ‘ನಾಲ್ವರು ಹಿರಿಯರು’ ಎಂದು ಗುರುತಿಸುವುದು ರೂಢಿ.

೧೯೮೩ರಲ್ಲಿ ಮೊದಲ ಆಲ್ಬಮ್, ೧೯೮೪ರಲ್ಲಿ ಎರಡನೆಯದು. ೧೯೮೬ರ ಮಾರ್ಚ್‌ನಲ್ಲಿ ಬಂದ ಮೂರನೆಯದಾದ ‘ಮಾಸ್ಟರ್ ಆಫ್ ಪಪೆಟ್ಸ್’ ಈ ಪ್ರಕಾರದ ಶಿಖರವೆಂದು ಬಹುತೇಕರ ಅಭಿಪ್ರಾಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿಕೊಂಡ ಮೊದಲ ಮೆಟಲ್ ಕೃತಿ ಅದೇ. ಅದನ್ನು ಮಾಡಿದಾಗ ಹೆಟ್‌ಫೀಲ್ಡ್ ಮತ್ತು ಉಲ್ರಿಕ್ ಇಬ್ಬರಿಗೂ ಇಪ್ಪತ್ತೆರಡು ವರ್ಷ. ಅದೇ ವರ್ಷದ ಸೆಪ್ಟೆಂಬರ್ ೨೭ರಂದು ಸ್ವೀಡನ್ನಿನಲ್ಲಿ ತಂಡದ ಬಸ್ಸು ಉರುಳಿ, ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ. ಅವನಿಗೆ ಇಪ್ಪತ್ನಾಲ್ಕು. ಸಂಗೀತದ ತಿಳಿವಳಿಕೆ ತಂಡದಲ್ಲಿ ಅವನಿಗೇ ಹೆಚ್ಚೆಂದು ಉಳಿದವರೇ ಹೇಳಿಕೊಂಡಿದ್ದಾರೆ.

ಅಲ್ಲಿಂದ ಮುಂದಿನದು ದೊಡ್ಡ ಯಶಸ್ಸಿನ ಮತ್ತು ದೊಡ್ಡ ಗೊಂದಲದ ಕಥೆ. ೧೯೯೧ರಲ್ಲಿ ಬಂದ ಕಪ್ಪು ಹೊದಿಕೆಯ ಆಲ್ಬಮ್ (ನಾನು ಕಿತ್ತುಕೊಂಡದ್ದು ಇದನ್ನೇ) ವೇಗವನ್ನು ತಗ್ಗಿಸಿ, ಹಾಡುಗಳನ್ನು ಚಿಕ್ಕದಾಗಿಸಿ, ಅಮೆರಿಕವೊಂದರಲ್ಲೇ ಒಂದು ಕೋಟಿ ಅರವತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ೧೯೯೬ ಮತ್ತು ೧೯೯೭ರ ಆಲ್ಬಮ್‌ಗಳಲ್ಲಿ ಥ್ರ್ಯಾಶ್‌ನ ಗುರುತೇ ಹೆಚ್ಚು ಉಳಿಯಲಿಲ್ಲ. ೨೦೦೦ದಲ್ಲಿ ನ್ಯಾಪ್‌ಸ್ಟರ್ ಎಂಬ ಹಾಡು ಹಂಚುವ ತಾಣದ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ತಮ್ಮ ಅಭಿಮಾನಿಗಳ ಸಿಟ್ಟನ್ನೇ ಕಟ್ಟಿಕೊಂಡರು. ೨೦೦೧ರಲ್ಲಿ ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ತಂಡ ಬಿಟ್ಟ. ಅದೇ ವರ್ಷ ಹೆಟ್‌ಫೀಲ್ಡ್ ಕುಡಿತದಿಂದ ಬಿಡಿಸಿಕೊಳ್ಳಲು ಚಿಕಿತ್ಸೆಗೆ ಸೇರಿದ. ಈ ಒಡಕಿನ ನಡುವೆ ತಯಾರಾದ ೨೦೦೩ರ ‘ಸೇಂಟ್ ಆ್ಯಂಗರ್’ ಆಲ್ಬಮ್ಮಿನಲ್ಲಿ ಗಿಟಾರಿನ ಒಂಟಿ ವಾದನ ಒಂದೂ ಇಲ್ಲ. ಸ್ನೇರ್ ಡ್ರಮ್ಮಿನ ಸದ್ದು ಖಾಲಿ ತಗಡಿನ ಡಬ್ಬ ಬಡಿದಂತಿದೆಯೆಂದು ಅಭಿಮಾನಿಗಳೇ ಗೇಲಿ ಮಾಡಿದರು. ಇದನ್ನು ಓದಿದಾಗ ನನ್ನ ೧೯೯೨ರ ಮಾತು ನೆನಪಾಗಿ ನಗು ಬಂತು. ಆ ಮಾತಿಗೂ ಒಂದು ಸರಿಯಾದ ಆಲ್ಬಮ್ ಇತ್ತು. ನಾನು ಆಡಿದ್ದು ಹನ್ನೊಂದು ವರ್ಷ ಮುಂಚೆ, ತಪ್ಪು ಆಲ್ಬಮ್ಮಿನ ಮೇಲೆ.

‘ಡೆತ್ ಮ್ಯಾಗ್ನೆಟಿಕ್’ ಬಂದದ್ದು ಇದರ ನಂತರ. ಈ ಸಲ ಹಳೆಯ ನಿರ್ಮಾಪಕನನ್ನು ಬಿಟ್ಟು ರಿಕ್ ರೂಬಿನ್ ಎಂಬಾತನನ್ನು ಕರೆಸಿದರು. ೧೯೮೬ರಲ್ಲೇ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ ನಿರ್ಮಿಸಿದ್ದವನು, ೧೯೯೪ರಲ್ಲಿ ಅರವತ್ತೆರಡರ ಗಾಯಕ ಜಾನಿ ಕ್ಯಾಶ್‌ನನ್ನು ಒಂದೇ ಗಿಟಾರಿನ ಜೊತೆ ಕೂರಿಸಿ ಅವನಿಗೆ ಎರಡನೆಯ ಜೀವನ ಕೊಟ್ಟವನು. ‘ಮಾಸ್ಟರ್ ಆಫ್ ಪಪೆಟ್ಸ್’ ಕಾಲದ ಮನಸ್ಸನ್ನು ಮತ್ತೆ ನೆನಪಿಸಿಕೊಳ್ಳಿ ಎಂಬುದು ಅವನು ಈ ತಂಡಕ್ಕೆ ಕೊಟ್ಟ ಸಲಹೆಯ ಸಾರ. ೧೯೮೬ರಿಂದ ೨೦೦೮ಕ್ಕೆ ಇಪ್ಪತ್ತೆರಡು ವರ್ಷ. ಇಪ್ಪತ್ತೆರಡರ ಹುಡುಗರಾಗಿ ಮಾಡಿದ್ದನ್ನು, ವಯಸ್ಸು ಇಮ್ಮಡಿಯಾದ ಮೇಲೆ ಮತ್ತೆ ಮಾಡಬೇಕು. ಅದು ಸಾಧ್ಯವೇ? ಈ ಆಲ್ಬಮ್ಮಿನ ಮುಂದಿರುವ ನಿಜವಾದ ಪ್ರಶ್ನೆ ಇದು. ನಿವೃತ್ತನಾದ ಯಾರಿಗಾದರೂ ಈ ಪ್ರಶ್ನೆ ತಟ್ಟದೆ ಇರದು.

ಸಲಹೆಯನ್ನು ಅವರು ಎಷ್ಟು ಅಕ್ಷರಶಃ ಪಾಲಿಸಿದರೆಂಬುದು ರಚನೆಗಳ ಅನುಕ್ರಮ ನೋಡಿದರೆ ತಿಳಿಯುತ್ತದೆ. ಹಳೆಯ ಆಲ್ಬಮ್ಮುಗಳನ್ನೂ ತರಿಸಿಕೊಂಡು, ಪರೀಕ್ಷೆಯ ಅಂಕಪಟ್ಟಿ ಬರೆಯುವಂತೆ ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದುಕೊಂಡೆ. ೧೯೮೬ರ ಮತ್ತು ೧೯೮೮ರ ಆಲ್ಬಮ್ಮುಗಳೆರಡೂ ತಗ್ಗಿದ ಧ್ವನಿಯಲ್ಲಿ ಆರಂಭವಾಗಿ ಒಮ್ಮೆಲೇ ವೇಗಕ್ಕೆ ನೆಗೆಯುತ್ತವೆ. ನಾಲ್ಕನೆಯದು ಮೆಲ್ಲಗೆ ತೊಡಗಿ ಕೊನೆಗೆ ಉರಿದೇಳುವ ಹಾಡು. ಕೊನೆಯದಕ್ಕೆ ಮುಂಚಿನದು ಹಾಡಿಗಿಂತ ವಾದ್ಯವೇ ಪ್ರಧಾನವಾದ ದೀರ್ಘ ರಚನೆ. ಕೊನೆಯದು ಬಿರುಸಿನ ಓಟ. ‘ಡೆತ್ ಮ್ಯಾಗ್ನೆಟಿಕ್’ ಇದೇ ನಕ್ಷೆಯ ಮೇಲೆ ಕಟ್ಟಿದ ಮನೆ. ಮೊದಲನೆಯದು ಎದೆಬಡಿತದ ಸದ್ದಿನಿಂದ ಆರಂಭವಾಗುತ್ತದೆ. ನಾಲ್ಕನೆಯದಾದ ‘ದ ಡೇ ದಟ್ ನೆವರ್ ಕಮ್ಸ್’ ವಿಳಂಬದಲ್ಲಿ ತೊಡಗಿ ದ್ರುತದಲ್ಲಿ ಮುಗಿಯುತ್ತದೆ. ಒಂಬತ್ತನೆಯದು ಹತ್ತು ನಿಮಿಷಕ್ಕೆ ಮೂರು ಸೆಕೆಂಡು ಕಡಿಮೆಯಿರುವ, ಮಾತೇ ಇಲ್ಲದ ವಾದ್ಯರಚನೆ. ಹತ್ತನೆಯದಾದ ‘ಮೈ ಅಪೊಕ್ಯಾಲಿಪ್ಸ್’ ಸುಮಾರು ಐದು ನಿಮಿಷದ ಧಾವಂತ. ಗಿಟಾರಿನ ಒಂಟಿ ವಾದನವೂ ಮರಳಿ ಬಂದಿದೆ. ಕರ್ಕ್ ಹ್ಯಾಮೆಟ್ ಐದು ವರ್ಷ ಬಾಯಿ ಕಟ್ಟಿಸಿಕೊಂಡವನಂತೆ ಪ್ರತಿ ಅವಕಾಶದಲ್ಲೂ ಮಾತನಾಡುತ್ತಾನೆ. ಹೊಸ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ತಂಡದ ಜೊತೆ ಮುದ್ರಿಸಿದ ಮೊದಲ ಆಲ್ಬಮ್ ಕೂಡ ಇದೇ.

ನಕ್ಷೆ ನಕಲಾಯಿತು, ನಿಜ. ಮನೆ ಹೇಗಿದೆ? ನನ್ನ ಕಿವಿಗೆ ತೋರಿದಂತೆ ಹೇಳುತ್ತೇನೆ. ಐದನೆಯದಾದ ‘ಆಲ್ ನೈಟ್‌ಮೇರ್ ಲಾಂಗ್’ ಈ ಆಲ್ಬಮ್ಮಿನ ಹೆಮ್ಮೆ. ಲಯ ಮೂರು ನಾಲ್ಕು ಬಾರಿ ತಿರುಗಿದರೂ ಎಲ್ಲೂ ಕಿತ್ತುಹೋಗುವುದಿಲ್ಲ. ಮೃದಂಗದ ಮುಕ್ತಾಯಕ್ಕೆ ಕಾದಂತೆ ಕೇಳುಗ ಮುಂದಿನ ತಿರುವಿಗೆ ಕಾಯುತ್ತಾನೆ. ಮೊದಲ ಮತ್ತು ಕೊನೆಯ ರಚನೆಗಳಲ್ಲಿ ನಲವತ್ತೈದರವರ ಕೈಗೆ ಇಪ್ಪತ್ತೆರಡರ ಚುರುಕು ಬಂದದ್ದು ಸುಳ್ಳಲ್ಲ. ಕೊನೆಯದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ದಕ್ಕಿತು. ಆದರೆ ವಾದ್ಯರಚನೆ ಉದ್ದವಾಗಿದೆಯೇ ಹೊರತು ಬೆಳೆದಿಲ್ಲ. ಒಂದೊಂದು ರಿಫ್ ಬೇರೆ ಬೇರೆಯಾಗಿ ಚೆನ್ನ, ಒಟ್ಟಿಗೆ ಅವು ಸಾಲಾಗಿ ನಿಂತಿವೆ, ಸೇರಿಲ್ಲ. ೧೯೯೧ರ ಹಾಡೊಂದರ ಹೆಸರನ್ನೇ ಮೂರನೆಯ ಬಾರಿ ಬಳಸಿದ ‘ದಿ ಅನ್‌ಫರ್‌ಗಿವನ್ ೩’ ಹೆಸರಿನ ಆಸರೆ ಬೇಡದೆಯೇ ನಿಲ್ಲಬಹುದಾಗಿತ್ತು. ಬರ್ಟನ್ ಇದ್ದಾಗಿನ ರಚನೆಗಳಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಲು ಬಾಗಿಲಿರುತ್ತಿತ್ತು. ಇಲ್ಲಿ ಹಲವು ಕಡೆ ಗೋಡೆ ಒಡೆದು ಹೋಗುತ್ತಾರೆ.

ಇನ್ನು ಸದ್ದಿನ ವಿಷಯ. ಶಿಷ್ಯನ ಸ್ನೇಹಿತರ ಜಗಳದ ಮೂಲ ಇದು.

ಸಿ.ಡಿ.ಯಲ್ಲಿ ಸದ್ದನ್ನು ಸೆಕೆಂಡಿಗೆ ೪೪,೧೦೦ ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಪ್ರತಿ ಅಳತೆಗೂ ೬೫,೫೩೬ ಮೆಟ್ಟಿಲುಗಳಿವೆ. ತುದಿಯ ಮೆಟ್ಟಿಲಿನಾಚೆ ಜಾಗವಿಲ್ಲ. ಆದ್ದರಿಂದ ಒಂದು ಹಾಡನ್ನು ಪಕ್ಕದ ಹಾಡಿಗಿಂತ ಜೋರಾಗಿ ಕೇಳಿಸಬೇಕಾದರೆ ಒಂದೇ ಉಪಾಯ: ಎತ್ತರದ ಸದ್ದುಗಳ ತಲೆಯನ್ನು ಅದುಮಿ, ತಗ್ಗಿನ ಸದ್ದುಗಳನ್ನೆಲ್ಲ ಮೇಲಕ್ಕೆತ್ತುವುದು. ಮಿತಿಯಲ್ಲಿದ್ದರೆ ತೊಂದರೆಯಿಲ್ಲ. ಆದರೆ ೧೯೯೦ರ ದಶಕದಿಂದ ಕಂಪನಿಗಳೂ ಕಲಾವಿದರೂ ನಾ ಮುಂದು ತಾ ಮುಂದು ಎಂದು ಇದನ್ನು ಅತಿಗೆ ಒಯ್ದರು. ಇದಕ್ಕೆ ‘ಲೌಡ್‌ನೆಸ್ ವಾರ್’, ಅಂದರೆ ಸದ್ದಿನ ಸಮರ ಎಂದೇ ಹೆಸರು. ಗಣಕಯಂತ್ರದ ಪರದೆಯ ಮೇಲೆ ಹಾಡಿನ ಚಿತ್ರ ಪಶ್ಚಿಮ ಘಟ್ಟದ ಸಾಲಿನಂತೆ ಕಾಣಬೇಕು. ಈ ಆಲ್ಬಮ್ಮಿನ ಚಿತ್ರ ಕಾಂಪೌಂಡ್ ಗೋಡೆಯಂತಿದೆ. ಡ್ರಮ್ಮಿನ ಪೆಟ್ಟು ಬೀಳುವ ಕ್ಷಣದಲ್ಲಿ ಸದ್ದು ಮೇಲಿನ ಮೆಟ್ಟಿಲಿಗೆ ತಲೆ ಹೊಡೆದುಕೊಂಡು ಒಡೆದು ಬಿರಿಯುತ್ತದೆ. ನನ್ನ ಹಳೆಯ ಕಿವಿಗೂ ಮೂರನೆಯ ಹಾಡಿನ ಹೊತ್ತಿಗೆ ದಣಿವಾಯಿತು. ವೇಗ ಇದಕ್ಕೆ ಕಾರಣವಲ್ಲ. ಏರಿಳಿತಕ್ಕೆ ಜಾಗವೇ ಇಲ್ಲದಿರುವುದು ಕಾರಣ.

ಈ ದೋಷ ಬಯಲಾದ ಬಗೆ ಇತಿಹಾಸದ ಮೇಷ್ಟ್ರಿಗೆ ಹಬ್ಬದೂಟದಂಥದ್ದು. ಆಲ್ಬಮ್ ಬಿಡುಗಡೆಯಾದ ಹೊತ್ತಿನಲ್ಲೇ ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟಕ್ಕೂ ಅದೇ ಹಾಡುಗಳನ್ನು ಒದಗಿಸಲಾಗಿತ್ತು. ಆಟಕ್ಕೆ ಕೊಟ್ಟ ಧ್ವನಿಯನ್ನು ಇಷ್ಟು ಅದುಮಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದವರು, ಆಟದ ಪ್ರತಿಯಲ್ಲಿ ಡ್ರಮ್ಮಿಗೆ ಪೆಟ್ಟಿದೆ, ಗಿಟಾರಿಗೆ ಉಸಿರಿದೆ ಎಂದು ಗುರುತಿಸಿದರು. ನಮ್ಮ ಗ್ರಂಥಸಂಪಾದಕರು ಎರಡು ಓಲೆಗರಿಗಳನ್ನು ಎದುರುಬದುರು ಇಟ್ಟು ಪಾಠಾಂತರ ಹಿಡಿಯುವುದಿಲ್ಲವೇ, ಹಾಗೆ. ಕೃತಿ ಒಂದೇ, ಪ್ರತಿ ಎರಡು. ಅಧಿಕೃತವಾಗಿ ಮಾರಾಟವಾದದ್ದೇ ಭ್ರಷ್ಟ ಪ್ರತಿ, ಮಕ್ಕಳ ಆಟದೊಳಗೆ ಉಳಿದದ್ದು ಶುದ್ಧ ಪಾಠ! ಅಂತಿಮ ಹಂತದ ಕೆಲಸ ಮಾಡಿದ ಟೆಡ್ ಜೆನ್ಸನ್, ತನ್ನ ಕೈಗೆ ಬರುವ ಮುನ್ನವೇ ಧ್ವನಿಯನ್ನು ಅದುಮಿ ಆಗಿತ್ತೆಂದು ಹೇಳಿದ. ಕೊನೆಯ ಲಿಪಿಕಾರನ ಮೇಲೆ ತಪ್ಪು ಹೊರಿಸುವ ಮೊದಲು ಅವನಿಗೆ ಸಿಕ್ಕ ಮಾತೃಕೆ ಹೇಗಿತ್ತೆಂದು ನೋಡಬೇಕು ಎಂಬ ಪಾಠ ಇಲ್ಲೂ ನಿಜವಾಯಿತು. ಮತ್ತೆ ಮಿಶ್ರಣ ಮಾಡಿ ಕೊಡಿ ಎಂದು ಹತ್ತು ಸಾವಿರಕ್ಕೂ ಹೆಚ್ಚು ಕೇಳುಗರು ಮನವಿಗೆ ಸಹಿ ಹಾಕಿದರು. ಉಲ್ರಿಕ್ ಮಾತ್ರ ತನಗೆ ಆ ಸದ್ದು ಒಪ್ಪಿಗೆಯೆಂದೇ ನಿಂತ.

ಈ ತಂಡಕ್ಕೆ ಇದು ಹೊಸ ಚಾಳಿಯೂ ಅಲ್ಲ. ೧೯೮೮ರ ಆಲ್ಬಮ್ಮಿನಲ್ಲಿ ಹೊಸಬನಾದ ನ್ಯೂಸ್ಟೆಡ್‌ನ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ. ೨೦೦೩ರಲ್ಲಿ ತಗಡಿನ ಡ್ರಮ್, ೨೦೦೮ರಲ್ಲಿ ಈ ಗೋಡೆ. ಮನಸ್ಸಿನಲ್ಲಿ ಗಾಯ ಅಥವಾ ಅಳುಕು ಇದ್ದಾಗಲೆಲ್ಲ ಅದು ಇವರ ಸದ್ದಿನಲ್ಲಿ ಹೊರಬಿದ್ದಿದೆ ಎಂದು ನನಗೆ ಅನ್ನಿಸುತ್ತದೆ. ಗೆಳೆಯನನ್ನು ಕಳೆದುಕೊಂಡವರು ಅವನ ಸ್ಥಾನಕ್ಕೆ ಬಂದವನ ಸದ್ದನ್ನು ಅಡಗಿಸಿದರು. ‘ನಮಗೆ ವಯಸ್ಸಾಯಿತು’ ಎಂಬ ಭಯವಿದ್ದವರು ಎಲ್ಲರಿಗಿಂತ ಜೋರಾಗಿ ಕೂಗಿದರು. ತರಗತಿಯಲ್ಲಿ ಹಿಡಿತ ತಪ್ಪುತ್ತಿದೆಯೆಂಬ ಸಂಶಯ ಬಂದಾಗ ಮೇಷ್ಟ್ರ ದನಿಯೂ ಏರುತ್ತದೆ. ಇದು ನಾನು ಓದಿ ತಿಳಿದದ್ದಲ್ಲ.

ಹೊದಿಕೆಯ ಬಗ್ಗೆ ಎರಡು ಮಾತು. ಬಿಳಿಯ ಹಾಳೆಯ ನಡುವೆ ಶವಪೆಟ್ಟಿಗೆಯ ಆಕಾರದ ಗುಂಡಿ, ಸುತ್ತಲೂ ಕಾಂತಕ್ಷೇತ್ರದ ಗೆರೆಗಳು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಕಾಗದದ ಕೆಳಗೆ ದಂಡಕಾಂತವಿಟ್ಟು ಮೇಲೆ ಕಬ್ಬಿಣದ ಪುಡಿ ಉದುರಿಸಿದಾಗ ಮೂಡುತ್ತಿದ್ದ ಚಿತ್ರವೇ ಅದು. ಚಿಕ್ಕ ವಯಸ್ಸಿನಲ್ಲಿ ಸತ್ತುಹೋದ ಸಂಗೀತಗಾರರ ನೆನಪಿನಿಂದ ಈ ಹೆಸರು ಹುಟ್ಟಿತೆಂದೂ, ಸಾವು ಅಯಸ್ಕಾಂತದಂತೆ ಕೆಲವರನ್ನು ಸೆಳೆಯುತ್ತದೆ, ಕೆಲವರನ್ನು ದೂಡುತ್ತದೆ ಎಂಬುದು ಅದರ ಭಾವವೆಂದೂ ಹೆಟ್‌ಫೀಲ್ಡ್ ವಿವರಿಸಿದ್ದಾನೆ. ೨೦೦೯ರ ಏಪ್ರಿಲ್ ೪ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ತಂಡವನ್ನು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ, ಬರ್ಟನ್‌ನ ಪರವಾಗಿ ಆ ಗೌರವ ಸ್ವೀಕರಿಸಲು ವೇದಿಕೆಗೆ ಬಂದವನು ಅವನ ವೃದ್ಧ ತಂದೆ. ತಂಡ ಬಿಟ್ಟುಹೋಗಿದ್ದ ನ್ಯೂಸ್ಟೆಡ್ ಕೂಡ ಅಂದು ಟ್ರುಹಿಯೊನ ಜೊತೆ ನಿಂತು ನುಡಿಸಿದ. ಹಿಂದಿರುಗಿ ನೋಡುವ ಧೈರ್ಯವನ್ನು ಈ ಆಲ್ಬಮ್ ಅವರಿಗೆ ಕೊಟ್ಟಿತೆಂದು ನಾನು ಭಾವಿಸುತ್ತೇನೆ.

ಅದರ ಫಲ ಮುಂದೆ ಕಂಡಿತು. ೨೦೧೬ರ ‘ಹಾರ್ಡ್‌ವೈರ್ಡ್’ ಆಲ್ಬಮ್ಮಿನಲ್ಲಿ ಸದ್ದು ಸಡಿಲಗೊಂಡಿದೆ, ವಾದ್ಯಗಳು ಬೇರೆಬೇರೆಯಾಗಿ ಕೇಳುತ್ತವೆ. ೨೦೨೩ರ ಏಪ್ರಿಲ್‌ನಲ್ಲಿ ಬಂದ ‘೭೨ ಸೀಸನ್ಸ್’ ಬದುಕಿನ ಮೊದಲ ಹದಿನೆಂಟು ವರ್ಷಗಳ ಕುರಿತದ್ದು. ವರ್ಷಕ್ಕೆ ನಾಲ್ಕು ಋತುವಿನ ಲೆಕ್ಕ ಅವರದು. ಆರು ಋತುಗಳ ನಮ್ಮ ಲೆಕ್ಕದಲ್ಲಿ ಅದು ಹನ್ನೆರಡೇ ವರ್ಷವಾಗುತ್ತದೆ! ಅರವತ್ತರ ಅಂಚಿನಲ್ಲಿ ನಿಂತವರು ಬಾಲ್ಯವನ್ನು ನಕಲು ಮಾಡದೆ, ಅದರ ಬಗ್ಗೆ ಮಾತನಾಡುತ್ತಿದ್ದಾರೆ. ಇದು ಪ್ರೌಢತೆ. ಆದರೆ ೨೦೦೮ರ ನಕಲು ಇಲ್ಲದೆ ಅವರು ಇಲ್ಲಿಗೆ ತಲುಪುತ್ತಿರಲಿಲ್ಲ. ಮರೆತ ಅಕ್ಷರವನ್ನು ಮತ್ತೆ ಕಲಿಯುವವನು ಮೊದಲು ತಿದ್ದಲೇಬೇಕು.

ಹೀಗಾಗಿ ನನ್ನ ತೀರ್ಪು ಹೀಗಿದೆ. ರಚನೆಗೆ ಪ್ರಥಮ ದರ್ಜೆ, ಮೊದಲ ಸ್ಥಾನವಲ್ಲ. ವಾದನಕ್ಕೆ ಅದಕ್ಕಿಂತ ಹೆಚ್ಚು. ಧ್ವನಿಮುದ್ರಣದಲ್ಲಿ ಅನುತ್ತೀರ್ಣ. ಅಂಕಗಳನ್ನು ಕೂಡಿಸಿ ಭಾಗಿಸಲು ನಾನು ಒಪ್ಪುವುದಿಲ್ಲ. ಕೃತಿಯ ದೋಷ ಬೇರೆ, ಪ್ರತಿಯ ದೋಷ ಬೇರೆ. ಯೌವನ ಮರಳುವುದಿಲ್ಲ, ಕೈಯ ವಿದ್ಯೆ ಮರಳುತ್ತದೆ. ಎರಡನ್ನೂ ಒಂದೇ ಎಂದು ಭ್ರಮಿಸಿದ ಕಡೆಯೆಲ್ಲ ಈ ಆಲ್ಬಮ್ ಕಿರುಚಿದೆ, ಬೇರೆಯೆಂದು ಅರಿತ ಕಡೆ ಹಾಡಿದೆ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಶಿಷ್ಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಆ ಕಪ್ಪು ಕ್ಯಾಸೆಟ್ ಏನಾಯ್ತು?” ಎಂದ. ಮೂವತ್ತು ವರ್ಷ ದಾಟಿದ ಮೇಲೆ ಮೊದಲ ಬಾರಿ ಕೇಳಿದ. ಕಳೆದುಹೋಯಿತಪ್ಪಾ, ತಪ್ಪು ನನ್ನದು ಎಂದೆ. “ಹೋಗ್ಲಿ ಬಿಡಿ ಸಾರ್, ಹಾಡೆಲ್ಲಾ ನಂಗೆ ಆವಾಗ್ಲೇ ಬಾಯಿಪಾಠ ಆಗಿತ್ತು” ಎಂದು ನಕ್ಕ. ಮುಂದಿನ ಸಲ ಬರುವಾಗ ೧೯೮೬ರ ಆಲ್ಬಮ್ಮಿನ ಒಳ್ಳೆಯ ಪ್ರತಿಯೊಂದನ್ನು ಅವನ ಕೈಗಿಡಬೇಕೆಂದು ಬೆಂಗಳೂರಿನ ನೆಂಟರೊಬ್ಬರಿಗೆ ಹೇಳಿ ತರಿಸಿಟ್ಟಿದ್ದೇನೆ. ಕೊಡುವ ಮುನ್ನ ಇನ್ನೊಮ್ಮೆ ಪೂರ್ತಿ ಕೇಳುತ್ತೇನೆ.